ತಿರುವಿನಲ್ಲಿ ನರಳಿದ ವ್ಯಾನು

ನಿಧಾನಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಸತ್ತವರನ್ನು ಸ್ಮಶಾನಕ್ಕೆ ಒಯ್ಯುವ ವ್ಯಾನು ಓಡಿಸುವುದು ಅವನ ಕಸುಬು. ಓಡಿಸುವುದು ಅನ್ನುವುದು ಮಾತಿಗೆ, ಅದನ್ನು ನಡೆಸುವುದು ಅನ್ನಬೇಕು. ಒಮ್ಮೆ ಆ ವ್ಯಾನಿನ ನೆರಳಿನಲ್ಲಿ ಮಲಗಿದ್ದ ನಾಯಿಯೊಂದು, ನೆರಳು ಬಿಡಲು ಮನಸ್ಸಾಗದೆ ನಿದ್ದೆಗಣ್ಣಿನಲ್ಲೇ ಜೊತೆಗೆ ನಡೆದು, ಸ್ಮಶಾನದ ಗೇಟಿನಲ್ಲಿ ಎಚ್ಚರವಾಗಿ ಗಾಬರಿಬಿದ್ದಿತಂತೆ. ನಂಬದವರು ಆ ನಾಯಿಯನ್ನೇ ಕೇಳಿಕೊಳ್ಳಬಹುದು.

"ನನ್ನ ಗಾಡೀಲಿ ಮಲಗಿದೋರು ಯಾರೂ ಇವತ್ತಿನವರೆಗೆ ದೂರು ಹೇಳಿಲ್ಲ" ಎಂದು ಅವನು ಹೋದಲ್ಲೆಲ್ಲ ಹೇಳಿ ನಗಿಸುತ್ತಿದ್ದ. ಟೈಲರನ ಮಗಳನ್ನು ಒಯ್ದ ದಿನದಿಂದ ಆ ಮಾತು ಅವನ ಬಾಯಿಗೆ ಬರಲಿಲ್ಲ.

ಸ್ಮಶಾನದ ಗೇಟಿಗೆ ಮುಂಚೆ ಇಕ್ಕಟ್ಟಾದ ಒಂದು ತಿರುವು ಇದೆ. ಅಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ಎಳೆದಾಗ ಕೆಳಗಿನಿಂದ ಗರಗರ ಎಂದು ಏನೋ ಅರೆದಂತಾಗಿ, ಕೊನೆಯಲ್ಲಿ ಉದ್ದಕ್ಕೆ ನರಳಿದಂಥ ಸದ್ದು ಬಂತು.

"ನಿಲ್ಸು! ಗಾಡಿ ನಿಲ್ಸು! ನನ್ನ ಮಗಳು ನರಳಿದ್ಲು!"

ನಿಧಾನಣ್ಣ ಬ್ರೇಕ್ ಒತ್ತಿದ. ಹಿಂದೆ ಟೈಲರು ಮಗಳ ಮುಖದ ಮೇಲಿನ ಬಟ್ಟೆ ಸರಿಸಿ, ಮೂಗಿಗೆ ಕಿವಿಯಿಟ್ಟು, "ಪುಟ್ಟೀ, ಪುಟ್ಟೀ, ಅಪ್ಪ ಕಣೇ" ಎಂದು ಕರೆಯುತ್ತಿದ್ದ. ಯಾರೋ ಓಡಿಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ನೋಡಿ, ಮತ್ತೊಮ್ಮೆ ನೋಡಿ, ಜೀವ ಇಲ್ಲವೆಂದು ತಲೆಯಾಡಿಸಿದರು. ಟೈಲರು ಬಾಯಿ ಮುಚ್ಚಿದ, ಆದರೆ ಒಪ್ಪಲಿಲ್ಲ. ಆಮೇಲೆ ಅಂಗಡಿಯ ಬಾಗಿಲು ತೆರೆಯಲಿಲ್ಲ, ಹೊಲಿಗೆ ಮೆಷಿನ್ನಿನ ಮುಸುಕು ತೆಗೆಯಲಿಲ್ಲ. ಮಾತಾಡಿಸಲು ಹೋದವರಿಗೆಲ್ಲ ಒಂದೇ ಮಾತು: "ಜೀವ ಇತ್ತು. ಜೀವ ಇದ್ದೋಳನ್ನೇ ಕಳಿಸಿಬಿಟ್ಟೆ."

ಆ ಮಾತು ನಿಧಾನಣ್ಣನ ಕಿವಿಗೂ ಬಿತ್ತು. ಅನ್ನ ಸೇರಲಿಲ್ಲ. ವ್ಯಾನನ್ನು ಮೇಸ್ತ್ರಿಯ ಶೆಡ್ಡಿಗೆ ತಂದು ನಿಲ್ಲಿಸಿದ. ಸ್ಪ್ಯಾನರ್ ಹಿಡಿದೇ ಹುಟ್ಟಿದವನು ಎಂದು ಹೆಸರಾದ ಮೇಸ್ತ್ರಿ ಜಾಕ್ ಕೊಟ್ಟು ಚಕ್ರ ಎತ್ತಿದ, ಅಲ್ಲಾಡಿಸಿದ, ಸ್ಟೀರಿಂಗಿನ ಆಯಿಲ್ ನೋಡಿದ, ಕೀಲುಗಳನ್ನು ಒಂದೊಂದಾಗಿ ಮೀಟಿದ, ಬೀದಿಯಲ್ಲಿ ಒಂದು ಸುತ್ತು ಹೊಡೆದೂ ಬಂದ. ಸದ್ದೇ ಇಲ್ಲ.

"ಕೋಪ ಬಂದಾಗ ನನ್ನ ಹೆಂಡ್ತಿನೂ ಇಷ್ಟು ಸುಮ್ಮನಿರಲ್ಲ ಕಣಯ್ಯಾ. ಗಾಡೀಲಿ ಏನೂ ಇಲ್ಲ."

"ಖಾಲಿ ಇದ್ದಾಗ ಬರಲ್ಲ ಮೇಸ್ತ್ರಿ. ಭಾರ ಇರಬೇಕು."

ಹೆಣ ಮಲಗಿಸುವ ಸ್ಟ್ರೆಚರಿನ ಉದ್ದಕ್ಕೂ ಮರಳಿನ ಚೀಲ ಹೇರಿದರು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ವ್ಯಾನು ತುಟಿ ಬಿಚ್ಚಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡ.

ನಿಧಾನಣ್ಣ ಸ್ಟೀರಿಂಗ್ ಬಿಡದೆ ಕೂತೇ ಇದ್ದ. "ಮೇಸ್ತ್ರಿ, ಗಾಡಿ ಕೂಗಿಲ್ಲ ಅಂದ್ರೆ, ಕೂಗಿದ್ದು ಯಾರು?"

ಮೇಸ್ತ್ರಿ ಟಾರ್ಚ್ ಹಿಡಿದು ಇನ್ನೊಮ್ಮೆ ಗಾಡಿಯ ಕೆಳಗೆ ಬಗ್ಗಿ ನೋಡಿದ.

ಮನೆಯಲ್ಲಿ ನಿಧಾನಣ್ಣ ತಟ್ಟೆಯ ಮುಂದೆ ಕೂತು ನೀರು ಮಾತ್ರ ಕುಡಿದ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

"ಚೀಲ ಎಲ್ಲಿಟ್ರಿ?"

"ಇನ್ನೆಲ್ಲಿ ಇಡ್ತಾರೆ? ಹೆಣ ಮಲಗಿಸೋ ಕಡೆ."

"ಅಯ್ಯೋ, ನಿಮ್ಮ ತಲೆ! ನಮ್ಮಪ್ಪನ್ನ ಕರ್ಕೊಂಡು ಹೋದಾಗ ನಾವೆಲ್ಲ ಎಲ್ಲಿ ಕೂತಿದ್ವಿ ಹೇಳಿ?"

"ಹಿಂದೆ."

"ಹಿಂದೆ ಅಂದ್ರೆ ಎಲ್ಲಿ? ಕಾಲಿನ ಹತ್ರ ಯಾರು ಕೂತ್ಕೋತಾರ್ರೀ? ಎಲ್ಲಾರೂ ಮುಖದ ಹತ್ರಾನೇ ಮುಗಿಬಿದ್ದಿದ್ವಿ. ಅಣ್ಣ, ಚಿಕ್ಕಪ್ಪ, ನಾನು, ಎಲ್ಲಾ ಮುಂದುಗಡೆ, ಎಡಗಡೆ ಮೂಲೇಲಿ. ಇಷ್ಟು ವರ್ಷ ಆ ಗಾಡಿ ಓಡಿಸ್ತೀರ, ಒಂದ್ಸಲನಾದ್ರೂ ಹಿಂದೆ ತಿರುಗಿ ನೋಡಿಲ್ವಾ?"

ಅವನು ನೋಡಿರಲಿಲ್ಲ. ಅಳುವವರನ್ನು ತಿರುಗಿ ನೋಡಬಾರದು ಎಂದು ಅವನೇ ಹಾಕಿಕೊಂಡ ನೇಮ. ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿಟ್ಟಿದ್ದ.

ಬೆಳಿಗ್ಗೆ ಚೀಲಗಳನ್ನೆಲ್ಲ ಮುಂದಿನ ಸೀಟುಗಳ ಬೆನ್ನಿಗಿದ್ದ ಎಡ ಮೂಲೆಗೆ ಸರಿಸಿದರು. ವ್ಯಾನಿನ ಎಡ ಮೂತಿ ತಗ್ಗಿತು. ಮೇಸ್ತ್ರಿ ನೆಲದ ಮೇಲೆ ಮಲಗಿ, ಎಡಚಕ್ರದ ಮೇಲಿನ ದಪ್ಪ ಸ್ಪ್ರಿಂಗಿಗೆ ಕೈಯಿಟ್ಟು, "ತಿರುಗಿಸು" ಎಂದ.

ಗರಗರ ಎಂದಿತು. ಆಮೇಲೆ ಉದ್ದಕ್ಕೆ ನರಳಿತು.

"ಸಿಕ್ತು!" ಮೇಸ್ತ್ರಿ ಎದ್ದು ಕೂತ. "ಸ್ಪ್ರಿಂಗ್ ಚಕ್ರದ ಜೊತೆ ಸಲೀಸಾಗಿ ತಿರುಗಬೇಕು. ಅದರ ತಲೆ ಮೇಲಿರೋ ಬೇರಿಂಗ್ ತುಕ್ಕು ಹಿಡಿದು ಕಚ್ಕೊಂಡಿದೆ. ಭಾರ ಬಿದ್ದಾಗ ತಿರುಗಕ್ಕಾಗದೆ ಬಿಗಿದುಕೊಂಡು, ಆಮೇಲೆ ಎಗರತ್ತೆ. ಜಾಕ್ ಹಾಕಿ ಎತ್ತಿದ್ರೆ ಭಾರಾನೇ ಇರಲ್ಲ, ಇನ್ನೆಲ್ಲಿ ಕೂಗತ್ತೆ? ಮಲಗಿದೋರ ಭಾರ ಅಲ್ಲ ಕಣಯ್ಯಾ ಇದು. ಕೂತೋರ ಭಾರ." ಹೇಳುತ್ತಲೇ ಸ್ಪ್ಯಾನರಿಗೆ ಕೈ ಚಾಚಿದ.

ನಿಧಾನಣ್ಣ ಆ ಕೈ ಹಿಡಿದುಕೊಂಡ. "ಈಗಲೇ ಬಿಚ್ಚಬೇಡಿ. ನಾನು ಬರೋ ತನಕ ಹೀಗೇ ಇರಲಿ."

ಜೀವಮಾನದಲ್ಲಿ ಅವನು ಓಡಿದ್ದು ಅದೊಂದೇ ಸಲ.

ಟೈಲರು ಬಾಗಿಲಲ್ಲೇ ತಡೆದ. "ಆ ಗಾಡಿ ಮುಖ ನಾನು ನೋಡಲ್ಲ."

"ನೋಡೋದು ಬೇಡಣ್ಣ. ಕೇಳಿಸಿಕೋ ಸಾಕು. ನಿನ್ನ ಕಾಲು ಹಿಡ್ಕೋತೀನಿ."

ಟೈಲರು ಬಂದ. ಅಂದು ಕೂತ ಜಾಗದಲ್ಲೇ, ಮರಳಿನ ಚೀಲಗಳ ಪಕ್ಕದಲ್ಲಿ ಕೂತ. ಎದುರಿಗೆ ಖಾಲಿ ಸ್ಟ್ರೆಚರು. ನಿಧಾನಣ್ಣ ಸ್ಟೀರಿಂಗ್ ಎಡಕ್ಕೆ ಎಳೆದ.

ಅದೇ ಸದ್ದು. ಟೈಲರನ ಕೈ ತಾನಾಗಿಯೇ ಸ್ಟ್ರೆಚರಿನತ್ತ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಇನ್ನೊಂದ್ಸಲ."

ನಿಧಾನಣ್ಣ ತಿರುಗಿಸಿದ.

"ಇನ್ನೊಂದ್ಸಲ."

ಎಷ್ಟು ಸಲವೋ ಯಾರೂ ಲೆಕ್ಕ ಇಡಲಿಲ್ಲ. ಕೊನೆಗೆ ಟೈಲರು ಕೆಳಗಿಳಿದ. ಮೇಸ್ತ್ರಿ ಅವನ ಕೈ ಹಿಡಿದು ಸ್ಪ್ರಿಂಗಿನ ಮೇಲಿಟ್ಟ. ಅದು ಬಿಗಿದು ಎಗರಿದ್ದು ಅವನ ಅಂಗೈಗೆ ತಾಗಿತು.

"ಎಣ್ಣೆ ಬಿಡದೇ ಇದ್ರೆ ನನ್ನ ಮೆಷಿನ್ನೂ ಹಿಂಗೇ ಅಳತ್ತೆ" ಎಂದ ಟೈಲರು. ಕೈ ಹಿಂದಕ್ಕೆ ತೆಗೆದು, "ಹಂಗಾದ್ರೆ ಅವಳಲ್ಲ" ಎಂದ. ಹಳೆಯ ಟೈರೊಂದರ ಮೇಲೆ ಕುಸಿದು ಕೂತು, ಮಗಳು ಈಗಷ್ಟೇ ಹೋದಳೇನೋ ಎಂಬಂತೆ ಅತ್ತ. ನಿಧಾನಣ್ಣ ಪಕ್ಕದಲ್ಲಿ ಕೂತ. ಈ ಸಲ ಮುಖ ಆಚೆ ತಿರುಗಿಸಲಿಲ್ಲ.

"ಬಿಚ್ಚಲಾ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ.

ಟೈಲರು ಕಣ್ಣೊರೆಸಿಕೊಂಡು ಹೂಂ ಎಂದು ತಲೆಯಾಡಿಸಿದ.

ಹೊಸ ಬೇರಿಂಗ್ ಕೂತ ಮೇಲೆ ಟೈಲರನ್ನು ವ್ಯಾನಿನಲ್ಲೇ ಮನೆಗೆ ಬಿಡಲು ಹೊರಟರು. ಚೀಲಗಳು ಆ ಮೂಲೆಯಲ್ಲೇ ಇದ್ದವು. ಪ್ರತಿ ತಿರುವಿನಲ್ಲೂ ಇಬ್ಬರೂ ಉಸಿರು ಬಿಗಿಹಿಡಿದರು. ಒಂದು ಸದ್ದೂ ಇಲ್ಲ. ನಿಧಾನಣ್ಣ ಕನ್ನಡಿಯನ್ನು ಕೆಳಕ್ಕೆ ತಿರುಗಿಸಿ ಹಿಂದೆ ನೋಡಿದ.

"ಏನು ನೋಡ್ತೀಯ?" ಎಂದ ಟೈಲರು. "ಮುಂದೆ ನೋಡ್ಕೊಂಡು ಸ್ವಲ್ಪ ಬೇಗ ಓಡ್ಸು. ಅಂಗಡಿ ಬಾಗಿಲು ತೆಗೀಬೇಕು."

ಆ ವ್ಯಾನಿನ ಹಿಂಬದಿಯಿಂದ ಬಂದ ಮೊದಲ ದೂರು ಅದು. ನಿಧಾನಣ್ಣ ಗೇರು ಬದಲಿಸಿದ.