‘ಸಾಫ್’ ಅಂದವನು

ಆ ಸಂಜೆ ಖಾಜಾ ಭಾಯ್‌ಗೆ ‘ಸಾಫ್’ ಅಂದದ್ದು ನಾನು. ಅನ್ನಲೇ ಇಲ್ಲ ಎಂದು ಆಮೇಲೆ ಅವರ ಮುಖ ನೋಡಿಯೇ ಸುಳ್ಳು ಹೇಳಿದವನೂ ನಾನೇ. ಇಷ್ಟನ್ನು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಬರೆದು ನೋಡಿದರೆ ಎರಡೇ ಸಾಲು. ಈ ಎರಡು ಸಾಲಿನ ಭಾರಕ್ಕೆ ಒಬ್ಬ ಮನುಷ್ಯ ಹೀಗೆ ಕುಸಿದುಹೋಗುತ್ತಾನೆ ಎಂದು ನನಗೆ— ಇಲ್ಲ, ಗೊತ್ತಿರಲಿಲ್ಲ ಎಂದು ಬರೆಯಲಾರೆ. ಕಣ್ಣೆದುರೇ ಕುಸಿಯುತ್ತಿದ್ದರು. ನಾನು ನೋಡುತ್ತಿದ್ದೆ.

ಬಸವಕಲ್ಯಾಣದ ಒಂದು ಸಣ್ಣ ಛಾಪಖಾನೆಯಲ್ಲಿ ನಾನು ಪ್ರೂಫ್ ನೋಡುವವನು. ಮದುವೆ ಕಾರ್ಡು, ಜವಳದ ಕಾರ್ಡು, ಪುಣ್ಯತಿಥಿಯ ಪತ್ರ— ಸುತ್ತಲಿನ ಹಳ್ಳಿಗಳ ಸುಖದುಃಖವೆಲ್ಲ ಮೊದಲು ನನ್ನ ಕೆಂಪು ಪೆನ್ನಿನ ಕೆಳಗೆ ಹಾಯ್ದು ಹೋಗಬೇಕು. ಖಾಜಾ ಭಾಯ್ ಅಲ್ಲಿ ಮಷೀನ್ ನಡೆಸುತ್ತಿದ್ದರು. ನನಗಿಂತ ಆರೇಳು ವರ್ಷ ದೊಡ್ಡವರು. ಉರ್ದು ಚೆನ್ನಾಗಿ ಓದುತ್ತಿದ್ದರು. ಕನ್ನಡ ಅವರ ಬಾಯಲ್ಲಿ ಸರಾಗವಾಗಿತ್ತು, ಆದರೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಅಚ್ಚು ಶುರುಮಾಡುವ ಮೊದಲು ಅವರು ಮಷೀನಿನ ಬಳಿಯಿಂದಲೇ ಕೇಳುವರು, ‘ಮಾಸ್ತರ್ರ, ಸಾಫ್ ಐತೇನ್ರಿ?’ ನಾನು ‘ಸಾಫ್’ ಅಂದರೆ ತಪ್ಪಿಲ್ಲ ಎಂದರ್ಥ. ಆಮೇಲೆ ಅವರು ಇನ್ನೊಮ್ಮೆ ನೋಡುತ್ತಿರಲಿಲ್ಲ, ಇನ್ನೊಮ್ಮೆ ಕೇಳುತ್ತಿರಲಿಲ್ಲ. ಗುಂಡಿ ಒತ್ತಿಬಿಡುತ್ತಿದ್ದರು.

ಇಬ್ಬರ ಮನೆಯೂ ಹುಮನಾಬಾದಿನಲ್ಲಿ. ದಿನಾ ಅವರ ಮೋಟಾರ್ ಸೈಕಲ್ ಮೇಲೆ ಹೋಗಿ ಬರುವುದು. ನನಗೆ ಗಾಡಿ ನಡೆಸಲು ಬರುವುದಿಲ್ಲ, ಇವತ್ತಿಗೂ ಇಲ್ಲ. ಆಗ ನಮ್ಮ ಕಡೆ ಹೆಲ್ಮೆಟ್ ಹಾಕುವವರೇ ಕಡಿಮೆ. ಖಾಜಾ ಭಾಯ್ ಹಾಕುತ್ತಿದ್ದರು. ಹಾಕುವುದಷ್ಟೇ ಅಲ್ಲ, ಅದರ ಮುಂದಿನ ಗಾಜನ್ನು ಕೂಸಿನ ಮುಖ ತೊಳೆದಂತೆ ತೊಳೆಯುತ್ತಿದ್ದರು. ಮಳೆಗಾಲಕ್ಕೆ ಮೊದಲೇ ಗೀರು ಬಿದ್ದ ಗಾಜು ತೆಗೆಸಿ ಹೊಸದು ಹಾಕಿಸುವರು. ಒಳಮೈಗೆ ದಾಡಿ ಮಾಡುವ ಸಾಬೂನನ್ನು ಒಣದಾಗಿಯೇ ತಿಕ್ಕಿ ಮಲ್‌ಮಲ್ ಬಟ್ಟೆಯಿಂದ ಒರೆಸುವರು, ಉಸಿರಿನ ಮಂಜು ಕೂರದಿರಲಿ ಎಂದು. ಹೊರಮೈಗೆ ಹೆಚ್ಚಿದ ಆಲೂಗಡ್ಡೆ. ಅದು ಲಾರಿ ಡ್ರೈವರುಗಳಿಂದ ಕಲಿತದ್ದಂತೆ. ನೀರು ಹನಿಯಾಗಿ ನಿಲ್ಲದೆ ಸರಕ್ಕನೆ ಇಳಿದುಹೋಗುತ್ತದೆ. ಛಾಪಖಾನೆಯ ಸೀಮೆಎಣ್ಣೆ ಬಟ್ಟೆಯನ್ನು ಮಾತ್ರ ಹತ್ತಿರ ತರಗೊಡುತ್ತಿರಲಿಲ್ಲ. ಮನೆಯಲ್ಲಿ ಪಲ್ಯಕ್ಕೆ ಏನಾದರೂ ಉಳಿದಿದೆಯೋ ಅಥವಾ ಆಲೂಗಡ್ಡೆಯೆಲ್ಲ ಹೆಲ್ಮೆಟ್ಟೇ ತಿಂದಿತೋ ಎಂದು ನಾನು ಚ್ಯಾಷ್ಟಿ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಅವರ ನಗುವನ್ನು ನೆನೆಸಿಕೊಳ್ಳಲು ಈಗ ನಾನು ಅಷ್ಟು ಹಿಂದಕ್ಕೆ ಹೋಗಬೇಕು.

ಏನು ಮಾಡಿದರೂ ಜೋರು ಮಳೆಯಲ್ಲಿ ಸ್ವಲ್ಪ ಹೊತ್ತಿಗೆ ಸಾಬೂನೂ ಹೋಗುತ್ತದೆ, ಆಲೂಗಡ್ಡೆಯೂ ಹೋಗುತ್ತದೆ. ಆಗ ನನ್ನ ಪಾಳಿ. ಮಲ್‌ಮಲ್ ಬಟ್ಟೆ ನನ್ನ ಜೇಬಿನಲ್ಲಿರುತ್ತಿತ್ತು. ಹಿಂದಿನಿಂದ ಅವರ ಭುಜದ ಮೇಲೆ ಕೈ ಚಾಚಿ ಗಾಜು ಒರೆಸಬೇಕು. ಮುಂದೆ ಲಾರಿಯೋ ಟ್ರ್ಯಾಕ್ಟರೋ ಇದ್ದು ಅದನ್ನು ದಾಟುವುದಾದರೆ ತಲೆ ಎತ್ತಿ ಎದುರಿನ ರಸ್ತೆ ನೋಡಿ ಹೇಳಬೇಕು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ. ಛಾಪಖಾನೆಯ ಮಾತು ತಾನಾಗಿಯೇ ಗಾಡಿ ಹತ್ತಿತ್ತು. ಗಾಜು ಒರೆಸಿದರೂ ‘ಸಾಫ್’, ರಸ್ತೆ ಖಾಲಿ ಇದ್ದರೂ ‘ಸಾಫ್’. ಎಷ್ಟೋ ಮಳೆಗಾಲ ಎರಡಕ್ಕೂ ಆ ಒಂದೇ ಮಾತು ಸಾಕಾಯಿತು.

ಆ ದಿನ ಬೆಳಿಗ್ಗೆ ಒಂದು ರಾದ್ಧಾಂತವಾಗಿತ್ತು. ಕೊಡಂಬಲದವರ ಮದುವೆ ಕಾರ್ಡಿನಲ್ಲಿ ಮದುಮಗಳ ಹೆಸರು ಇರಬೇಕಾದ ಕಡೆ ಅವಳ ತಂಗಿಯ ಹೆಸರು ಅಚ್ಚಾಗಿತ್ತು. ಹುಡುಗಿಯ ಸೋದರಮಾವ ಬಂದು ಕಾರ್ಡಿನ ಕಟ್ಟನ್ನು ಮಾಲೀಕರ ಮೇಜಿನ ಮೇಲೆ ಒಗೆದ. ಮಾಲೀಕರು ಮಷೀನಿನ ಕಡೆ ನೋಡಿದರು. ಖಾಜಾ ಭಾಯ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಮಾಸ್ತರು ಸಾಫ್ ಅಂದರು, ನಾನು ಅಚ್ಚು ಹೊಡೆದೆ. ಅವರ ದನಿಯಲ್ಲಿ ಚಾಡಿ ಇರಲಿಲ್ಲ. ತಪ್ಪು ನನ್ನದೇ. ಆದರೂ ಎಲ್ಲರೆದುರು ನನ್ನ ಮರ್ಯಾದೆ ತೆಗೆದರು ಎಂದು ನನಗೆ ಉರಿಯಿತು. ದಿನವಿಡೀ ಅವರೊಂದಿಗೆ ಮಾತು ಬಿಟ್ಟೆ. ಅವರು ತಂದುಕೊಟ್ಟ ಚಹಾ ಆರಿಹೋಯಿತು, ಮುಟ್ಟಲಿಲ್ಲ. ಸಂಜೆ ಗಾಡಿ ಹತ್ತುವಾಗಲೂ ಬಿಗಿದುಕೊಂಡೇ ಹತ್ತಿದೆ. ತಿದ್ದಿ ಅಚ್ಚು ಹಾಕಿದ ಕಾರ್ಡುಗಳನ್ನು ಹುಮನಾಬಾದಿನಲ್ಲಿ ಆ ಸೋದರಮಾವನಿಗೆ ಮುಟ್ಟಿಸಬೇಕಿತ್ತು. ಆ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

ಐದು ಗಂಟೆಯೂ ಆಗಿರಲಿಲ್ಲ. ಆದರೆ ಊರು ದಾಟುವಷ್ಟರಲ್ಲಿ ಮೋಡ ತಲೆಯ ಮೇಲೆಯೇ ಇಳಿದುಬಂದಿತ್ತು. ಗಾಳಿ ನಿಂತುಹೋಯಿತು. ಹೊಲಗಳಲ್ಲಿ ಒಂದು ಜೀವವೂ ಕಾಣಲಿಲ್ಲ. ಎಲ್ಲರಿಗೂ ಏನೋ ಗೊತ್ತಾಗಿ ಮೊದಲೇ ಮನೆ ಸೇರಿದಂತೆ. ಆಮೇಲೆ ಒಮ್ಮೆಲೇ ಮಳೆ. ಹೆದ್ದಾರಿ ಸೇರುವ ಮೊದಲಿನ ಆ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಅದರ ಗಾಲಿಗಳಿಂದ ಕೆಸರು ಸಿಡಿದು ಖಾಜಾ ಭಾಯ್ ಮುಖದ ಗಾಜಿಗೆ ಬಡಿಯುತ್ತಿತ್ತು. ಅವರು ತಲೆಯನ್ನು ಒಮ್ಮೆ ಎಡಕ್ಕೆ ವಾಲಿಸಿದರು, ಒಮ್ಮೆ ಬಲಕ್ಕೆ. ಗಾಜು ಮಬ್ಬಾದಾಗ ಅವರು ಹಾಗೆ ಮಾಡುತ್ತಿದ್ದರು, ನನಗೆ ಗೊತ್ತಿತ್ತು. ಒರೆಸಲಿ ಎಂದು ಕಾಯುತ್ತಿದ್ದಾರೆ ಎಂದೂ ಗೊತ್ತಿತ್ತು. ಬಾಯಿಬಿಟ್ಟು ಕೇಳಲಿ, ಆಗ ನೋಡೋಣ ಎಂದುಕೊಂಡೆ.

ಕೇಳಿದರು. ‘ಮಾಸ್ತರ್ರ, ಸಾಫ್ ಐತೇನ್ರಿ?’

‘ಸಾಫ್.’

ಗಾಡಿ ಬಲಕ್ಕೆ ಹೊರಳಿತು. ಎದುರಿನಿಂದ ಮೋರಖಂಡಿಯ ತಿಪ್ಪಣ್ಣ ಎಂಬಾತ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಬರುತ್ತಿದ್ದ. ಹಳದಿ ಪ್ಲಾಸ್ಟಿಕ್ ಹಾಳೆ ಹೊದ್ದಿದ್ದ. ಅಷ್ಟು ಢಾಳಾದ ಹಳದಿ— ಅದನ್ನು ನಾನು ನೋಡಿದ್ದು ಆಮೇಲೆ, ರಸ್ತೆಯ ಮೇಲೆ. ಹಾಲೂ ಮಳೆನೀರೂ ಕೂಡಿ ನನ್ನ ಚಪ್ಪಲಿಯ ಸುತ್ತ ಹರಿಯುತ್ತಿತ್ತು. ತಿಪ್ಪಣ್ಣ ಅಲ್ಲಿಯೇ ತೀರಿಕೊಂಡ. ಖಾಜಾ ಭಾಯ್ ಭುಜ ಮುರಿದಿತ್ತು. ನನಗೆ ಮೊಣಕಾಲು ತರಚಿತ್ತು, ಅಷ್ಟೇ. ಮದುವೆ ಕಾರ್ಡುಗಳಿಗೆ ಒಂದು ಹನಿ ನೀರೂ ತಾಕಿರಲಿಲ್ಲ.

ಪೊಲೀಸರು ಕೇಳಿದಾಗ, ನಾನೇನೂ ಹೇಳಿರಲಿಲ್ಲ, ಅವರೇ ಅವಸರದಲ್ಲಿದ್ದರು ಎಂದೆ. ಒಂದೇ ದಿನದಲ್ಲಿ ಎರಡನೆಯ ಸಲ ನನ್ನ ‘ಸಾಫ್’ ತಪ್ಪಾಯಿತೆಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಬೆಳಿಗ್ಗೆಯದು ಮತ್ತೆ ಅಚ್ಚು ಹಾಕಬಹುದಾದ ತಪ್ಪು. ಇದು—

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಖಾಜಾ ಭಾಯ್ ಮಲಗಿದಲ್ಲಿಂದಲೇ ನನ್ನನ್ನು ಬಹಳ ಹೊತ್ತು ನೋಡಿದರು. ಅವರ ಹೆಂಡತಿ ನೀರು ತರಲು ಹೊರಗೆ ಹೋದ ಮೇಲೆ ಕೇಳಿದರು, ‘ಮಾಸ್ತರ್ರ, ನೀವು ಸಾಫ್ ಅಂದ್ರಲ್ಲಾ?’

‘ಇಲ್ಲ ಖಾಜಾ ಭಾಯ್. ನಾ ಏನೂ ಅಂದಿಲ್ಲ.’

ಅವರು ಜಗಳಾಡಿದ್ದರೆ, ಸುಳ್ಳ ಎಂದು ಬೈದಿದ್ದರೆ, ಬಹುಶಃ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೇನೋ. ಅವರು ಹಾಗೆ ಮಾಡಲಿಲ್ಲ. ಎಷ್ಟೋ ವರ್ಷ ನನ್ನ ಒಂದು ಮಾತಿನ ಮೇಲೆ ಮಷೀನ್ ಓಡಿಸಿದ ಮನುಷ್ಯ ಅವತ್ತೂ ನನ್ನ ಮಾತನ್ನೇ ನಂಬಿದರು. ‘ಹಂಗಾದ್ರ ನನಗ ಹ್ಯಾಂಗ ಕೇಳಿಸ್ತು?’ ಎಂದು ತಮಗೆ ತಾವೇ ಅಂದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಕೋರ್ಟಿನಲ್ಲಿ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಆರು ತಿಂಗಳು ಒಳಗಿದ್ದು ಬಂದರು. ಬಂದ ಮೇಲೆ ಮಾಲೀಕರು ಕೆಲಸಕ್ಕೆ ಕರೆದರೂ ಬಹಳ ದಿನ ನಿಲ್ಲಲಿಲ್ಲ. ಮಷೀನ್ ಸರಿಯಾಗಿ ಓಡುತ್ತಿದ್ದರೂ ಏನೋ ಸದ್ದು ಬರುತ್ತಿದೆ ಎಂದು ನಿಲ್ಲಿಸುವರು. ನಿಜಕ್ಕೂ ಸದ್ದು ಬಂದಾಗ, ತಮಗೇ ಹಾಗೆ ಕೇಳಿಸಿದೆ ಎಂದು ಸುಮ್ಮನಿರುವರು. ಕಿವಿಯ ಡಾಕ್ಟರಿಗೆ ತೋರಿಸಿದರು. ಕಿವಿ ಚೆನ್ನಾಗಿವೆ ಎಂದರಂತೆ. ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಕಂಡ ಹೆದರಿಕೆಯನ್ನು ನಾನು ಮರೆಯಲಾರೆ. ‘ಕಿವಿ ಛಲೋ ಅದಾವ ಅಂತ್ರಿ ಮಾಸ್ತರ್ರ. ಅಂದ್ರ ಕೆಟ್ಟಿದ್ದು ತಲಿ.’ ಬಸ್ಸಿನ ಹೊತ್ತಾಯಿತು ಎಂದು ಎದ್ದುಬಂದೆ.

ಈಗ ಅವರು ಹುಮನಾಬಾದಿನ ಮನೆಯಲ್ಲೇ ಇರುತ್ತಾರೆ. ಯಾರು ಏನು ಹೇಳಿದರೂ ಎರಡು ಸಲ ಕೇಳುತ್ತಾರೆ. ನಮಾಜಿನಲ್ಲಿ ಎಷ್ಟು ರಕಾತ್ ಆಯಿತೆಂದು ತಮ್ಮ ಲೆಕ್ಕದ ಮೇಲೆಯೇ ನಂಬಿಕೆ ಬಾರದೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ ಎಂದು ಅವರ ಹೆಂಡತಿ ಒಮ್ಮೆ ನನ್ನೆದುರು ಕಣ್ಣೀರು ಹಾಕಿದರು. ನಾನು ಸಮಾಧಾನ ಹೇಳಿದೆ. ಹೌದು, ನಾನೇ ಹೇಳಿದೆ, ದೇವರ ಮೇಲೆ ಭಾರ ಹಾಕಿರಿ ಎಂದು.

ಈ ಹನ್ನೊಂದು ವರ್ಷ ನನಗೆ ನಾನು ಒಂದು ಕಥೆ ಹೇಳಿಕೊಂಡು ಬಂದೆ. ಅವರು ರಸ್ತೆಯ ಬಗ್ಗೆ ಕೇಳಿದರು, ನಾನು ಗಾಜಿನ ಬಗ್ಗೆ ಹೇಳಿದೆ. ಮಾತು ಒಂದೇ ಆದದ್ದರಿಂದ ಮೋಸವಾಯಿತು ಎಂಬ ಕಥೆ. ಚೆಂದವಾದ ಕಥೆ. ಯಾರ ತಪ್ಪೂ ಇಲ್ಲದ ಕಥೆ. ಆದರೆ ಗಾಜಿನ ಬಗ್ಗೆ ಹೇಳಬೇಕಾದರೆ ನಾನು ಗಾಜು ಒರೆಸಿರಬೇಕಿತ್ತಲ್ಲ? ಒರೆಸಿರಲಿಲ್ಲ. ಬಟ್ಟೆ ಜೇಬಿನಿಂದ ಹೊರಗೇ ಬಂದಿರಲಿಲ್ಲ. ಅವರು ಕೇಳುವ ಹೊತ್ತಿಗೆ, ಮುಖಕ್ಕೆ ಮಳೆ ಚುಚ್ಚುತ್ತದೆಂದು ಅವರ ಬೆನ್ನಿಗೆ ಹಣೆ ಒತ್ತಿ ಕಣ್ಣು ಮುಚ್ಚಿ ಕೂತಿದ್ದೆ, ಎರಡೂ ಕೈ ಕಾರ್ಡಿನ ಕಟ್ಟಿನ ಮೇಲೆ. ರಸ್ತೆ ನೋಡಿರಲಿಲ್ಲ, ಗಾಜು ನೋಡಿರಲಿಲ್ಲ. ಸಿಟ್ಟಿನಲ್ಲಿ, ಬೇಕಾದ್ದು ಮಾಡಿಕೋ ಎಂಬಂತೆ, ಅಂದುಬಿಟ್ಟೆ. ಅವರು ಏನನ್ನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಹೋದ ವಾರ ಅವರೇ ನನ್ನ ಮನೆಗೆ ಬಂದರು. ವರ್ಷಕ್ಕೊಮ್ಮೆ, ತಿಪ್ಪಣ್ಣ ಸತ್ತ ದಿನ, ಅವರು ಮೋರಖಂಡಿಗೆ ಹೋಗಿ ಆ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ತಿಪ್ಪಣ್ಣನ ಹೆಂಡತಿ ಮೊದಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಆಮೇಲೆ ಹೊರಗೆ ಬಂದು ಕೂರತೊಡಗಿದಳು. ಈ ವರ್ಷ ಒಂದು ಮಾತು ಕೇಳಿದ್ದಾಳೆ: ಗಾಡಿಯ ಹಿಂದೆ ಇನ್ನೊಬ್ಬರು ಇದ್ದರಂತಲ್ಲ, ಅವರಿಗಾದರೂ ನನ್ನ ಗಂಡ ಕಾಣಲಿಲ್ಲವೇ? ಖಾಜಾ ಭಾಯ್ ನನ್ನ ಪರವಾಗಿ ಮಾತಾಡಿದರಂತೆ. ಮಾಸ್ತರು ಒಳ್ಳೆಯವರು, ಅವರು ಏನೂ ಅಂದಿರಲಿಲ್ಲ, ನನ್ನ ತಲೆಯಲ್ಲೇ ಆ ಮಾತು ಹುಟ್ಟಿತು ಎಂದು ಹೇಳಿ ಬಂದಿದ್ದರು. ಅದನ್ನು ನನಗೆ ಒಪ್ಪಿಸುತ್ತಿದ್ದರು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಕೇಳುವವರಂತೆ.

ಅವತ್ತೂ ಬಾಯಿ ಬಿಡಲಿಲ್ಲ. ನಿನ್ನೆ ಮಧ್ಯಾಹ್ನ ಅವರ ಮನೆಗೆ ಹೋಗಿ, ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ. ಒರೆಸದ ಗಾಜು, ಮುಚ್ಚಿದ ಕಣ್ಣು, ಆಸ್ಪತ್ರೆಯ ಸುಳ್ಳು, ಎಲ್ಲ. ಅವರ ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿದ್ದು ಕೇಳಿಸಿತು. ಖಾಜಾ ಭಾಯ್ ಅಭ್ಯಾಸದಂತೆ ಇನ್ನೊಮ್ಮೆ ಹೇಳಿರಿ ಎಂದರು. ಇನ್ನೊಮ್ಮೆ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವರು ಎರಡೂ ಅಂಗೈಗಳಿಂದ ತಮ್ಮ ಕಿವಿಗಳನ್ನು ಮೆಲ್ಲಗೆ ಸವರಿಕೊಂಡರು.

‘ನನಗ ಕೇಳಿಸಿದ್ದು ಖರೇನ ಇತ್ತು’ ಅಂದರು.

ಕ್ಷಮಿಸಿದೆ ಅನ್ನಲಿಲ್ಲ. ಅನ್ನಲಿ ಎಂದು ಕಾಯುವ ಯೋಗ್ಯತೆಯೂ ನನಗಿರಲಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವರ ದನಿ ಬಂತು. ‘ಇನ್ನ ಆ ಮನಿಗೆ ನಾ ಹೋಗೂದಿಲ್ರಿ. ಇಷ್ಟು ವರ್ಷ ನಿಮ್ಮ ಪಾಲಿಂದು ನಾನೇ ಹೋಗೀನಿ. ಇನ್ನ ನೀವೊಬ್ಬರೇ ಹೋಗ್ರಿ.’

ಬಾಗಿಲಲ್ಲಿ ನಿಂತು, ಆ ಹೆಣ್ಣುಮಗಳ ಹೆಸರೇನು ಎಂದು ಕೇಳಬೇಕಾಯಿತು. ಹನ್ನೊಂದು ವರ್ಷದಲ್ಲಿ ಅದನ್ನು ಕೂಡ ತಿಳಿದುಕೊಂಡಿರಲಿಲ್ಲ ನಾನು. ಖಾಜಾ ಭಾಯ್ ನನ್ನ ಮುಖ ನೋಡದೆ ಹೇಳಿದರು.

ನಾಗಮ್ಮನವರೇ, ಈ ಕಾಗದ ಹಿಡಿದು ನಾಳೆ ಬೆಳಿಗ್ಗೆ ಮೋರಖಂಡಿಗೆ ಬರುತ್ತಿದ್ದೇನೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಓದುತ್ತೇನೆ. ನೀವು ಕೇಳಿದಿರಲ್ಲ, ಹಿಂದೆ ಕೂತವರಿಗಾದರೂ ಕಾಣಲಿಲ್ಲವೇ ಎಂದು. ಹಿಂದೆ ಕೂತಿದ್ದವನು ನಾನು. ತಲೆ ಎತ್ತಿದ್ದರೆ ನಿಮ್ಮ ಗಂಡ ಕಾಣುತ್ತಿದ್ದರು.