ಒಂದು ಪುಟದ ನಾನು, ಮೂರು ಪುಟದ ಖಾಂದಾನ್

ನಮ್ಮ ದೊಡ್ಡಪ್ಪನಿಗೆ ರಾಜೇಶ್ವರದಲ್ಲಿ ಕಿರಾಣಿ ಅಂಗಡಿ ಇದೆ. ಆದರೆ ಊರು ಅವರನ್ನು ಗೌರವಿಸುವುದು ಮದುವೆಯ ಬಯೋಡಾಟಾ ಬರೆಸುವುದರಲ್ಲಿ ಅವರಿಗಿರುವ ಪಾಂಡಿತ್ಯಕ್ಕಾಗಿ. ಹುಡುಗಿಯ ಎತ್ತರ ಎಲ್ಲಿ ಬರಬೇಕು, ಸೋದರಮಾವಂದಿರಲ್ಲಿ ಯಾರನ್ನು ಮೊದಲು ಕೂರಿಸಬೇಕು, ಎಲ್ಲ ಅವರಿಗೆ ಬಾಯಿಪಾಠ. ಹೀಗಿರುವಾಗ ಬಿಎಸ್ಸಿ ಮುಗಿಸಿದ ನಾನು ನನಗೊಂದು ರೆಸ್ಯೂಮೆ ಬೇಕು ಎಂದರೆ ಅವರು ಸುಮ್ಮನಿರುತ್ತಾರೆಯೇ? ಅಂಗಡಿಯನ್ನು ದೊಡ್ಡಮ್ಮನಿಗೆ ಒಪ್ಪಿಸಿ ನನ್ನ ಜೊತೆ ಬಸವಕಲ್ಯಾಣಕ್ಕೆ ಹೊರಟೇಬಿಟ್ಟರು.

ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯುಗಾದಿಯೊಳಗೆ ನೌಕರಿ ಸಿಗದಿದ್ದರೆ ದೊಡ್ಡಪ್ಪ ಕರೆತಂದ ವರನ ಮುಂದೆ ಚಹಾ ಹಿಡಿದು ನಿಲ್ಲಬೇಕೆಂದು ಮನೆಯಲ್ಲಿ ಒಪ್ಪಂದವಾಗಿತ್ತು. ಹುಮನಾಬಾದಿನ ಔಷಧ ಕಾರ್ಖಾನೆಯೊಂದು ತನ್ನ ಲ್ಯಾಬಿಗೆ ಹೊಸ ಪದವೀಧರರನ್ನು ಕರೆದಿತ್ತು. ರೆಸ್ಯೂಮೆ ಒಂದೇ ಪುಟದಲ್ಲಿರಲಿ ಎಂದು ವಾಟ್ಸಾಪಿನಲ್ಲಿ ಬಂದ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ದೊಡ್ಡಪ್ಪ ಅದನ್ನು ಓದಿ, ಹೇಳಿಕೊಳ್ಳಲು ಏನೂ ಇಲ್ಲದ ಮಂದಿಗೆ ಅನುಕೂಲವಾಗಲಿ ಅಂತ ಹಾಗೆ ಬರೆದಿರುತ್ತಾರೆ ಎಂದು ವಿವರಿಸಿದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಅಂಗಡಿಯವನು ನಮ್ಮ ದೊಡ್ಡಪ್ಪನ ಮುಖ ನೋಡಿದ್ದೇ ತಡ, ಕೇಳದೆಯೇ ಮದುವೆಯ ಫೈಲು ತೆರೆದ. ಮೇಲೆ ಬಸವಲಿಂಗನಿಗೆ ನಮಸ್ಕಾರ, ಕೆಳಗೆ ಅಪ್ಪನ ಹೊಲ, ಹೊಲದಲ್ಲಿನ ಬೋರು, ಭಾಲ್ಕಿಯ ಕಚೇರಿಯಲ್ಲಿರುವ ಸೋದರಮಾವ, ಅತ್ತೆಯ ಗಂಡ, ಅವರ ಟ್ರ್ಯಾಕ್ಟರು. ನನ್ನ ಪದವಿ ಎರಡನೇ ಪುಟದಲ್ಲಿ ಎತ್ತರಕ್ಕೂ ಗೋಧಿ ಬಣ್ಣಕ್ಕೂ ನಡುವೆ ಉಸಿರುಗಟ್ಟಿ ಕೂತಿತ್ತು. ಟ್ರ್ಯಾಕ್ಟರ್ ಕಟ್ಟಿಕೊಂಡು ಕಾರ್ಖಾನೆಗೆ ಏನಾಗಬೇಕು ಎಂದು ಕೇಳಿದೆ.

“ನೌಕರಿ ಕೊಡೋರಿಗೂ ಖಾಂದಾನ್, ಮನಿತನ ಗೊತ್ತಾಗಬ್ಯಾಡೇನು? ನಾಳೆ ಅವರು ಕೇಳಿದ್ರ ಏನ್ ಹೇಳ್ತಿ?” ಎಂದರು ದೊಡ್ಡಪ್ಪ.

ಮರುದಿನ ಸಂದರ್ಶನಕ್ಕೆಂದು ಒಬ್ಬಳೇ ಹುಮನಾಬಾದಿನಲ್ಲಿಳಿದು ಮೊದಲು ಹೊಕ್ಕಿದ್ದು ಒಂದು ಝೆರಾಕ್ಸ್ ಅಂಗಡಿಯನ್ನು. ಮೊಬೈಲಿನಲ್ಲಿದ್ದ ಫೈಲು ತೆರೆಸಿ, ದೇವರನ್ನು ಕ್ಷಮೆ ಕೇಳಿ ತೆಗೆಸಿದೆ, ಮಾವಂದಿರನ್ನು ಕೇಳದೆಯೇ ತೆಗೆಸಿದೆ. ಬೋರು, ಬಣ್ಣ, ಟ್ರ್ಯಾಕ್ಟರು ಎಲ್ಲ ಹೋದವು. ಉಳಿದದ್ದು ನನ್ನ ಹೆಸರು, ನನ್ನ ಓದು, ಲ್ಯಾಬಿನಲ್ಲಿ ನನಗೆ ಬರುವ ಕೆಲಸ, ನಮ್ಮ ಸೀಮೆಯ ಬಾವಿಗಳ ನೀರು ಪರೀಕ್ಷಿಸಿದ ಪ್ರಾಜೆಕ್ಟು. ಒಂದೇ ಪುಟ, ಕೆಳಗೆ ಜಾಗವೂ ಮಿಕ್ಕಿತ್ತು. ಅಕ್ಕಪಕ್ಕ ಯಾರೂ ಇಲ್ಲದೆ ನನ್ನನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಖುಷಿಯಾಯಿತು.

ಕಾರ್ಖಾನೆಯ ಹಿರಿಯ ಅಧಿಕಾರಿ ಆ ಪುಟವನ್ನು, ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡುವಷ್ಟು ಹೊತ್ತು ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಸಂದರ್ಶನ ಶುರುವಾಯಿತು. ಅಪ್ಪ ಏನು ಮಾಡುತ್ತಾರೆ? ಹೊಲ ನೀರಾವರಿಯೋ, ಮಳೆಯದೋ? ಅಣ್ಣತಮ್ಮಂದಿರು? ಸೋದರಮಾವ ಎಲ್ಲಿದ್ದಾರೆ? ಮದುವೆ ಗೊತ್ತಾಗಿದೆಯೇ? ಬಾವಿಯ ನೀರಿನ ವಿಷಯ ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಬರಲಿಲ್ಲ. ಕೊನೆಗೆ ತಲೆಕೆಟ್ಟು, ಫೈಲಿನ ತಳದಲ್ಲಿದ್ದ ದೊಡ್ಡಪ್ಪನ ಮೂರು ಪುಟ ತೆಗೆದು ಅವರ ಮುಂದಿಟ್ಟೆ.

“ಎಲ್ಲಾ ಇದರಾಗ ಅದರಿ,” ಎಂದೆ.

ಚುಚ್ಚಲೆಂದೇ ಆಡಿದ ಮಾತು, ಅವರಿಗೆ ತಾಗಲೇ ಇಲ್ಲ. ಕನ್ನಡಕ ಏರಿಸಿ ಮೂರೂ ಪುಟ ಓದಿದರು, ಟ್ರ್ಯಾಕ್ಟರಿನ ಹತ್ತಿರ ಸ್ವಲ್ಪ ನಿಂತರು ಕೂಡ.

“ಇದನ್ನ ಮೊದಲೇ ಕೊಡಬೇಕಾಗಿತ್ತಲ್ಲ ತಂಗಿ,” ಎಂದು ಅದನ್ನು ತಮ್ಮ ಬ್ಯಾಗಿಗೆ ಸೇರಿಸಿ, ಒಂದು ಪುಟದ ನನ್ನನ್ನು ನನಗೇ ವಾಪಸ್ಸು ಕೊಟ್ಟರು. ದೊಡ್ಡಪ್ಪ ಹೇಳಿದ್ದೇ ನಿಜವಾಯಿತಲ್ಲ ಎಂದು ಬಸ್ಸಿನಲ್ಲಿ ಹಲ್ಲು ಕಡಿದೆ. ಆದರೂ, ಅವರ ಬಯೋಡಾಟಾದಿಂದಲೇ ನೌಕರಿ ಬಂದರೂ ಬರಲಿ ಎಂಬ ಆಸೆ ಇತ್ತು.

ಕೆಲವೇ ದಿನಗಳಲ್ಲಿ ಆ ಅಧಿಕಾರಿಯ ಫೋನು ಬಂತು, ದೊಡ್ಡಪ್ಪನಿಗೆ. ಆ ಮೂರು ಪುಟಗಳಲ್ಲಿ ಇದ್ದದ್ದು ಅವರ ನಂಬರೇ. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತು ಮಾತಾಡಿದರು. ಏನಂದರು ಎಂದು ಕೇಳಲು ಮನೆಯಿಂದ ಓಡಿ ಬಂದೆ.

“ಭಾಳ ಚಲೋ ಮಂದಿ ಅದಾರ. ನಮ್ಮ ಕಾಗದ ಅವರ ಮನಸಿಗೆ ಬಂದದಂತ. ಸಾಹೇಬರು ತಮ್ಮ ತಂಗಿ ಮಗನ್ನ ಕರಕೊಂಡು ಐತವಾರ ನಿನ್ನ ನೋಡಾಕ ಬರ್ತಾರ.”

“ನನ್ನ ನೌಕರಿದು ಏನಂದ್ರು?”

“ಅದರ ಚಿಂತಿ ಬ್ಯಾಡ. ಹುಡುಗಗ ಅದೇ ಲ್ಯಾಬಿನಾಗ ಈ ವಾರನೇ ನೌಕರಿ ಆಗ್ಯಾದ.”

ನನಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. ಯುಗಾದಿ ಇನ್ನೂ ದೂರವಿತ್ತು. ಭಾನುವಾರ ಅವರು ಬಂದಾಗ ಚಹಾ ಹಿಡಿದು ನಿಂತದ್ದು ದೊಡ್ಡಪ್ಪ. ನಾನು ಆ ಒಂದು ಪುಟ ಹಿಡಿದು ಬೀದರಿನ ಬಸ್ಸಿನಲ್ಲಿದ್ದೆ.