ಶಿವಾಜಿನಗರದಲ್ಲಿ ಇಳಿಯದೆ ಹೋದ ಚುಕ್ಕೆ

ಉಣ್ಣೆಯ ಮಂಕಿ ಟೋಪಿ, ಅದರ ಮೇಲೆ ಅಂಗೈಯಗಲದ ಎರಡು ಕರಿ ಬಟ್ಟಲುಗಳಿರುವ ಹೆಡ್‌ಫೋನು. ಎಡಗಡೆಯ ಬಟ್ಟಲು ಕಿವಿಯ ಮೇಲೆ, ಬಲಗಡೆಯದು ಕಿವಿ ಬಿಟ್ಟು ಹಿಂದಕ್ಕೆ ಸರಿದಿರುತ್ತಿತ್ತು. ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ದಿನಾ ಬೆಳಿಗ್ಗೆ ಕಲ್ಯಾಣ ನಗರದ ಮನೆಯ ಗೇಟು ದಾಟುತ್ತಿದ್ದದ್ದು ಈ ವೇಷದಲ್ಲಿ. ಜನವರಿಗೂ ಅದೇ ಟೋಪಿ, ಏಪ್ರಿಲ್ಲಿಗೂ ಅದೇ ಟೋಪಿ.

"ಮಾವಾರ, ಬ್ಯಾಸಿಗ್ಯಾಗ ತಲಿ ಬೇಯೂದಿಲ್ಲೇನ್ರಿ?" ಅಂತ ಒಮ್ಮೆ ಕೇಳಿದ್ದೆ.

"ಟೋಪಿ ಚಳಿಗಲ್ಲ ಕಣಮ್ಮ. ಹೆಡ್‌ಫೋನು ಜಾರಬಾರ್ದಲ್ಲ, ಅದಕ್ಕೆ."

"ಮತ್ತ ಒಂದು ಕಿವಿ ಯಾಕ ಖಾಲಿ?"

"ಒಂದು ಕಿವಿ ಹಾಡಿಗೆ, ಒಂದು ಕಿವಿ ಬಸ್ಸಿಗೆ. ಕಂಡಕ್ಟರ್ ಕೂಗಿದ್ದು ಕೇಳಿಸ್ದೇ ಇದ್ರೆ ನಾನು ಸೀದಾ ಹೊಸಕೋಟೆಗೆ ಹೋಗ್ಬಿಡ್ತೀನಷ್ಟೆ."

ಮಾವ ಹೋಗುತ್ತಿದ್ದದ್ದು ಎಲ್ಲಿಗೂ ಅಲ್ಲ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಬದುಕೆಲ್ಲ ಕಳೆದವರು. ಕಂಪನಿ ಬಸ್ಸು ಹತ್ತಿ ನಿದ್ದೆ ಹೋದರೆ ಗೇಟಿನ ಹತ್ತಿರ ಎಚ್ಚರ, ವಾಪಸು ಬರುವಾಗಲೂ ಅದೇ ನಿದ್ದೆ. "ಇಷ್ಟು ವರ್ಷ ಈ ಊರನ್ನ ಕಣ್ಮುಚ್ಚಿಕೊಂಡೇ ದಾಟಿದೀನಿ, ಈಗ ಕಣ್ಬಿಟ್ಟು ನೋಡ್ತೀನಿ" ಎನ್ನುವುದು ನಿವೃತ್ತಿಯಾದ ಮೇಲೆ ಅವರು ಕೊಟ್ಟುಕೊಂಡ ಕಾರಣ. ನನ್ನ ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು, ಆದ್ದರಿಂದ ಬೇಡ ಎನ್ನುವವರು ಯಾರೂ ಇರಲಿಲ್ಲ. ಹಿರಿಯರ ಪಾಸು ಜೇಬಿಗೆ ಹಾಕಿಕೊಂಡು ರಿಂಗ್ ರೋಡಿನಲ್ಲಿ ಬಸ್ಸು ಹತ್ತುವರು. ಕೆ.ಆರ್. ಪುರಕ್ಕೆ ಹೋಗಿ, ಅಲ್ಲಿಂದ ಹಳೆ ಮದ್ರಾಸು ರಸ್ತೆಯಲ್ಲಿ ಇಂದಿರಾನಗರದ ಪಕ್ಕ ಹಾದು, ಹಲಸೂರು ದಾಟಿ ಶಿವಾಜಿನಗರ. ಅಲ್ಲಿ ಇಳಿದು ಚಹಾ. ಆಮೇಲೆ ಫ್ರೇಜರ್ ಟೌನ್ ಮೇಲೆ ಮನೆಗೆ. ಊಟದ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಯ ಸದ್ದು.

ಮೆಟ್ರೋ ಬಂದಾಗ ನನ್ನ ಗಂಡ ಅವರಿಗೊಂದು ಕಾರ್ಡು ಮಾಡಿಸಿಕೊಟ್ಟರು. ಮಾವ ಒಂದೇ ಒಂದು ಸಲ ಹತ್ತಿ ಬಂದು ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟರು. "ಚೆನ್ನಾಗಿದೆ. ಆದ್ರೆ ಕಿಟಕಿ ತೆಗೆಯೋಕಾಗಲ್ಲ. ಮಳೆ ಬರೋದು ಕಾಣುತ್ತೆ, ವಾಸನೆ ಬರಲ್ಲ. ಟೀವಿ ನೋಡ್ದಂಗೆ" ಅಂದರು. ದೇವರ ಗೂಡಿನಲ್ಲಿ ಮೆಟ್ರೋ ಕಾರ್ಡಿಗೆ ಬಹಳ ದಿನ ಅರಿಶಿನ ಕುಂಕುಮ ಬೀಳುತ್ತಿತ್ತು.

ಮಳೆಯೆಂದರೆ ಅವರಿಗೆ ಒಂದು ಹುಚ್ಚು. ಬೆಂಗಳೂರಿಗೆ ಒಂದು ಮಳೆಯಲ್ಲ, ಏರಿಯಾಕ್ಕೊಂದು ಮಳೆ ಎಂಬುದು ಅವರ ಸಿದ್ಧಾಂತ. ಹಲಸೂರಿನ ಕೆರೆಯ ಮೇಲೆ ಸುರಿಯುವುದು ಒಂದು ಜಾತಿ, ಕೆ.ಆರ್. ಪುರದ ಧೂಳಿನ ಮೇಲೆ ಬೀಳುವುದು ಇನ್ನೊಂದು. ನಾನು ದೊಮ್ಮಲೂರಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗಲೇ ಫೋನು ಬರುವುದು. "ಹಲಸೂರಲ್ಲಿ ಶುರುವಾಯ್ತು ಕಣಮ್ಮ, ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಕಡೆ ಬರುತ್ತೆ." ಮೊಬೈಲು ನೋಡಿದರೆ ಅದರಲ್ಲಿ ಸೂರ್ಯ ನಗುತ್ತಿರುವ ಚಿತ್ರ. ಅರ್ಧ ಸಲ ಮಾವ ಹೇಳಿದ್ದು ಸರಿಯಾಗುತ್ತಿತ್ತು, ಇನ್ನರ್ಧ ಸಲ ಮೊಬೈಲು ಹೇಳಿದ್ದು. ತಮ್ಮದು ತಪ್ಪಿದ ದಿನ ಸಂಜೆ "ಮೋಡ ದಾರಿ ತಪ್ಪಿತು" ಅಂತ ಮೋಡದ ಮೇಲೆ ಹಾಕಿಬಿಡುವರು.

ಹಾಡುಗಳೂ ಹವೆ ನೋಡಿಯೇ. ಮೋಡ ಕವಿದರೆ ವೀಣೆ, ಬಿಸಿಲಿಗೆ ಹಳೆ ಸಿನಿಮಾ ಹಾಡು, ಟಿನ್ ಫ್ಯಾಕ್ಟರಿಯ ಹತ್ತಿರ ಟ್ರಾಫಿಕ್ಕು ಕಚ್ಚಿಕೊಂಡರೆ ಸ್ಯಾಕ್ಸಫೋನು. ಶಿವಾಜಿನಗರ ಬಂತೆಂದರೆ ಮಾತ್ರ ಹೆಡ್‌ಫೋನು ತೆಗೆದು ಕೊರಳಿಗೆ ಹಾಕಿಕೊಳ್ಳುವರು. ಯಾಕೆ ಅಂದರೆ, "ಅಲ್ಲಿ ಕೂಗು, ಹಾರನ್ನು, ಮಸೀದಿ, ಚರ್ಚಿನ ಗಂಟೆ ಎಲ್ಲಾ ಇದೆ. ಅಲ್ಲೂ ನಮ್ಮದೇ ಹಾಡು ಹಾಕ್ಕೊಂಡ್ರೆ ಮದುವೆ ಮನೇಲಿ ಕೂತು ಟಿಫಿನ್ ಡಬ್ಬಿ ಬಿಚ್ಚಿದಂಗೆ" ಎನ್ನುವರು.

ನಾನು ಗದಗಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಊರು ನನಗೆ ಆಫೀಸಿನ ಕಾರಿನ ಕಿಟಕಿಯಷ್ಟೇ ಆಗಿತ್ತು. ರಸ್ತೆ ದಾಟಲು ಹೆದರಿಕೆ, ತಮಿಳಿನಲ್ಲಿ ಯಾರಾದರೂ ಕೇಳಿದರೆ ಹೆದರಿಕೆ. ಸಂಜೆ ಮಾವ ತಟ್ಟೆಯ ಮುಂದೆ ಕೂತು ಆ ದಿನ ನೋಡಿದ್ದನ್ನು ಹೇಳುತ್ತಿದ್ದರು: ಹಲಸೂರಿನ ಹೂವಿನಾಕೆ ಬಸ್ಸಿನ ಕಿಟಕಿಗೇ ಮಲ್ಲಿಗೆ ಎಸೆದದ್ದು, ಹೆಲ್ಮೆಟ್ಟಿನೊಳಗೆ ಕೋಳಿಮರಿ ಇಟ್ಟುಕೊಂಡು ಹೋದವನು, ಇಂದಿರಾನಗರದ ಹತ್ತಿರ ಮಳೆಮರದ ಕೆಳಗೆ ಮಾತ್ರ ನೆನೆಯದೆ ಉಳಿದ ರಸ್ತೆ. ಅರ್ಧ ನಿಜ, ಅರ್ಧ ಅವರ ಕೈಚಳಕ ಅಂತ ಗೊತ್ತಿದ್ದೂ ನಾನು ರೊಟ್ಟಿ ತಟ್ಟುವುದು ಬಿಟ್ಟು ಕೇಳುತ್ತಿದ್ದೆ. ಊರಿನ ಹೆದರಿಕೆ ನನ್ನಿಂದ ಹೋದದ್ದು ಹಾಗೆ, ಕೇಳಿ ಕೇಳಿ.

ಆಮೇಲೆ ಮರೆವು ಬಂತು. ಮೊದಲು ಹೇಳಿದ ಕತೆಯನ್ನೇ ಅದೇ ಊಟದಲ್ಲಿ ಎರಡನೆಯ ಸಲ ಹೇಳಿದರು. ಒಂದು ಮಧ್ಯಾಹ್ನ ನಮ್ಮ ಮನೆ ಬಿಟ್ಟು ಪಕ್ಕದ ಬೀದಿಯ ಮನೆಯ ಗೇಟು ತೆಗೆದು ಒಳಗೆ ಹೋಗಿ, ಆ ಮನೆಯವರನ್ನೇ "ಯಾರು ಬೇಕಾಗಿತ್ತು?" ಅಂತ ಕೇಳಿದರು. ಡಾಕ್ಟರು ಔಷಧಿ ಬರೆದರು. ನನ್ನ ಗಂಡ ಆ ರಾತ್ರಿ ಊಟ ಮಾಡದೆ ಎದ್ದರು. "ಇನ್ನು ಅಪ್ಪ ಒಬ್ರೇ ಎಲ್ಲೂ ಹೋಗೋದು ಬೇಡ" ಅಂದರು.

ಮಾವ ಮಗನ ಹತ್ತಿರ ಏನೂ ಹೇಳಲಿಲ್ಲ. ನಾನು ಅಡುಗೆ ಮನೆಯಲ್ಲಿದ್ದಾಗ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. "ನನ್ನ ಕೂರಿಸ್ಬೇಡಿ ಕಣಮ್ಮ. ಮೆಷಿನ್ನು ನಿಲ್ಲಿಸಿಟ್ರೆ ಆಮೇಲೆ ತಿರುಗಲ್ಲ, ನಾನು ನೋಡಿದೀನಿ." ಕಣ್ಣಲ್ಲಿ ನೀರಿರಲಿಲ್ಲ, ಆದರೆ ಚೌಕಟ್ಟು ಹಿಡಿದ ಬೆರಳು ಬೆಳ್ಳಗಾಗಿದ್ದವು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಗಂಡನ ಜೊತೆ ಎರಡು ದಿನ ಜಗಳವಾಡಿದೆ. "ಬಿದ್ದು ಕೈಕಾಲು ಮುರಕೊಂಡ್ರ ನಾ ನೋಡ್ಕೋತೀನಿ, ಹೋಗ್ಲಿ ಬಿಡ್ರಿ" ಅಂದೆ. ಕೊನೆಗೊಂದು ರಾಜಿಯಾಯಿತು. ಮಾವನ ಫೋನು ಎಲ್ಲಿದೆ ಎಂದು ನಮ್ಮಿಬ್ಬರ ಫೋನಿನಲ್ಲೂ ಕಾಣುವ ಹಾಗೆ ಮಾಡುವುದು. ಚಾರ್ಜು ತುಂಬಿರಬೇಕು, ಕರೆದರೆ ಎತ್ತಬೇಕು. ಒಂದು ಸಲ ಎಡವಟ್ಟಾದರೂ ಬಸ್ಸು ಬಂದ್. ಮಾವ ಶಾಲೆಯ ಮಗುವಿನ ಹಾಗೆ ಎಲ್ಲಕ್ಕೂ ತಲೆಯಾಡಿಸಿದರು.

ಅಂದಿನಿಂದ ಮಾವ ನನಗೊಂದು ನೀಲಿ ಚುಕ್ಕೆಯಾದರು. ಆಫೀಸಿನಲ್ಲಿ ಕೆಲಸದ ನಡುವೆ ನೋಡುತ್ತಿದ್ದೆ. ಚುಕ್ಕೆ ರಿಂಗ್ ರೋಡಿನಲ್ಲಿ ತೆವಳುವುದು, ಕೆ.ಆರ್. ಪುರದಲ್ಲಿ ಸುಸ್ತಾಗಿ ನಿಲ್ಲುವುದು, ಹಲಸೂರಿನ ಕೆರೆಯ ಅಂಚು ಸವರಿಕೊಂಡು ಹೋಗುವುದು. ಎಷ್ಟೋ ಸಲ ನೋಡುತ್ತಾ ನೋಡುತ್ತಾ ನಾನೇ ಅದರೊಳಗೆ ಕೂತಿದ್ದೇನೆ, ಮೋಡ ಕವಿದಿದೆ, ಎಡಗಿವಿಯಲ್ಲಿ ವೀಣೆ ಇದೆ ಅನ್ನಿಸುತ್ತಿತ್ತು. ಯಾರೋ ಹೆಸರು ಹಿಡಿದು ಕೂಗಿದಾಗ ಬೆಚ್ಚಿಬಿದ್ದು ಸ್ಪ್ರೆಡ್‌ಶೀಟಿಗೆ ವಾಪಸಾಗುತ್ತಿದ್ದೆ.

ಅಕ್ಟೋಬರಿನ ಒಂದು ಶುಕ್ರವಾರ. ದೊಮ್ಮಲೂರಿನ ಫ್ಲೈಓವರಿನ ಮೇಲೆ ಮಳೆ ಬಿಳಿ ಪರದೆಯಾಗಿ ನಿಂತಿತ್ತು. ಮಾವನ ಫೋನು ಬಂದಿರಲಿಲ್ಲ. ಚುಕ್ಕೆ ನೋಡಿದೆ, ಹಲಸೂರು ದಾಟಿ ಹೋಗುತ್ತಿತ್ತು. ಗಂಡನಿಂದ ಮೆಸೇಜು ಬಂತು: "ಅಪ್ಪ ಬಸ್ಸಲ್ಲೇ ಇದಾರೆ, ನೆನೆಯಲ್ಲ ಬಿಡು." ನನಗೂ ಸಮಾಧಾನವಾಯಿತು. ಚುಕ್ಕೆ ಶಿವಾಜಿನಗರದ ಬಸ್ ನಿಲ್ದಾಣದೊಳಗೆ ಹೋಯಿತು. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿರುಗಿ ಬಂದ ದಾರಿಯಲ್ಲೇ ಹಲಸೂರಿನ ಕಡೆ ಹೊರಟಿತು.

ನಮ್ಮ ಮಾವ ಚಹಾ ಕುಡಿಯದೆ ಶಿವಾಜಿನಗರ ಬಿಡುವವರಲ್ಲ. ಬಂದ್ ಇದ್ದ ದಿನವೂ ಅರ್ಧ ಷಟರಿನ ಕೆಳಗೆ ಬಗ್ಗಿ ಕುಡಿದು ಬಂದವರು. ಆ ಚಹಾದಂಗಡಿಯ ಭಾಯ್ ಮತ್ತು ಮಾವ ದಿನಾ ಒಂದೇ ಮಾತಾಡುತ್ತಿದ್ದರು. ಭಾಯ್ "ಕ್ಯಾ ಸಾಬ್, ಬಾರಿಶ್ ಲೇಕೂ ಆಯೆ ಕ್ಯಾ?" ಅಂತ ಮಳೆ ತಂದಿರಾ ಎಂದು ಕೇಳುವುದು, ಮಾವ "ಬ್ಯಾಗಲ್ಲಿದೆ, ಟೀ ಕೊಟ್ರೆ ಬಿಡ್ತೀನಿ" ಎನ್ನುವುದು. ಭಾಯ್ ನಂಬರು ನನ್ನ ಹತ್ತಿರ ಇತ್ತು, ಫೋನು ಮಾಡಿದೆ.

"ಸಾಬ್ ಬಂದಿಲ್ಲಮ್ಮ" ಅಂದರು ಭಾಯ್. "ನಾನೂ ನೋಡ್ತಾ ಇದೀನಿ. ಯಾಕಮ್ಮ, ಹುಷಾರಿಲ್ವಾ?"

ಮಾವನ ಫೋನಿಗೆ ಮಾಡಿದೆ. ಮೂರನೆಯ ಸಲಕ್ಕೆ ಒಬ್ಬ ಕಂಡಕ್ಟರು ಎತ್ತಿದ. "ಮೇಡಂ, ಈ ಫೋನು ಸೀಟಲ್ಲಿ ಬಿದ್ದಿತ್ತು. ಟೋಪಿ ಹಾಕಿದ್ದ ಹಿರಿಯರದ್ದಾ? ಅವರು ಹಲಸೂರು ಕೆರೆ ಹತ್ರನೇ ಇಳಿದ್ರಲ್ಲ."

ಅಂದರೆ ನಾವಿಬ್ಬರೂ ಅಷ್ಟು ಹೊತ್ತು ನೆಮ್ಮದಿಯಿಂದ ನೋಡುತ್ತಾ ಕೂತಿದ್ದದ್ದು ಖಾಲಿ ಸೀಟನ್ನು. ಬ್ಯಾಗೂ ತೆಗೆದುಕೊಳ್ಳದೆ ಇಳಿದು ಆಟೋ ಹತ್ತಿದೆ. "ಮೇಡಂ, ಫುಲ್ ನೀರು ನಿಂತೈತೆ" ಅಂದ ಆಟೋದವನಿಗೆ "ನೀರಾಗ ಹೋಗ್ರಿ" ಅಂದೆ. ನನ್ನ ಮುಖ ನೋಡಿ ಅವನು ಗೇರು ಹಾಕಿದ.

ಮಾವ ಕೆರೆಯ ಪಕ್ಕದ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಮೊಣಕಾಲಿನ ತನಕ ಪ್ಯಾಂಟು ನೆನೆದಿತ್ತು. ತಲೆಯ ಮೇಲೆ ಹೆಡ್‌ಫೋನು ಹಾಗೇ ಇತ್ತು, ಪಾದ ತಾಳ ಹಾಕುತ್ತಿತ್ತು. ಪಕ್ಕದಲ್ಲಿ ಕೂತೆ. ಅಳು ಬರುತ್ತಿತ್ತು, ಬೈಯಬೇಕು ಅಂತಲೂ ಇತ್ತು. ಎರಡೂ ಬಿಟ್ಟು, "ಹಾಡು ಕೇಳಾಕತ್ತೀರೇನ್ರಿ?" ಅಂದೆ.

"ಫೋನೇ ಇಲ್ವಲ್ಲಮ್ಮ" ಅಂದರು ನನ್ನನ್ನು ನೋಡಿ, ನಾನು ಬರುವುದು ಮೊದಲೇ ಗೊತ್ತಿದ್ದವರ ಹಾಗೆ. "ಮಳೆ ಚೆನ್ನಾಗಿದೆ ಅಂತ ಇಳಿದೆ. ಇಳಿದ ಮೇಲೆ ಎಲ್ಲಿಗೆ ಹೊರಟಿದ್ದೆ ಅಂತ ಮರ್ತುಹೋಯ್ತು. ಬಸ್ಸುಗಳು ಬರ್ತಾನೇ ಇದ್ವು, ಯಾವುದು ನಂದು ಅಂತ ತಿಳೀಲಿಲ್ಲ. ಮಳೆ ನಿಂತ್ರೆ ನೆನಪಾಗುತ್ತೆ ಅಂತ ಕೂತೆ."

ಎದುರಿಗೆ ಕೆರೆ. ನೀರು ಯಾವುದು, ಮಳೆ ಯಾವುದು ಗೊತ್ತಾಗುತ್ತಿರಲಿಲ್ಲ. ಮಾವ ಮೆಲ್ಲಗೆ ಕೇಳಿದರು, "ಅವನಿಗೆ ಹೇಳ್ತೀಯಾ?"

"ಹೇಳ್ತೀನ್ರಿ."

ಅವರ ಪಾದದ ತಾಳ ನಿಂತಿತು.

"ಹೇಳ್ತೀನಿ, ಮುಚ್ಚಿಡೂ ಮಾತಲ್ಲ ಇದು. ಇನ್ನ ಮ್ಯಾಲೆ ಶನಿವಾರ ಶನಿವಾರ ನಾನೂ ನಿಮ್ಮ ಜೋಡಿ ಬಸ್ಸಿಗೆ ಬರ್ತೀನಿ, ಉಳಿದ ದಿನ ನೀವು ಮನಿಯಾಗ ಇರ್ತೀರಿ ಅಂತನೂ ಹೇಳ್ತೀನಿ. ಒಪ್ಪಿಗಿ ಏನು?"

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ವಾರದ ದಿನಗಳೆಲ್ಲ ಒಂದೇ ದಿನಕ್ಕೆ ಇಳಿದುಬಿಟ್ಟವಲ್ಲ. ಕೊನೆಗೆ, "ಹೆಂಗಸ್ರಿಗೆ ಈಗ ಟಿಕೆಟ್ಟು ಫ್ರೀ. ನಂಗೇನೂ ಖರ್ಚಿಲ್ಲ ಬಿಡು" ಅಂದರು. ಮನೆಗೆ ಹೋಗುವ ಮೊದಲು ಶಿವಾಜಿನಗರಕ್ಕೆ ಹೋದೆವು. ಭಾಯ್ ಇಬ್ಬರಿಗೂ ಚಹಾ ಕೊಟ್ಟು, ಮಾವನ ತೋಳು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಗಂಡನಿಗೆ ಎಲ್ಲವನ್ನೂ ಹೇಳಿದೆ. ಕೂಗಾಡಿದರು, ನಾನೂ ಕೂಗಾಡಿದೆ, ಆಮೇಲೆ ಅವರೇ ಮಾವನಿಗೆ ಹೊಸ ರೇನ್‌ಕೋಟು ತಂದರು. ಎರಡು ವರ್ಷ ನಮ್ಮ ಶನಿವಾರಗಳು ನಡೆದವು. ಬರಬರುತ್ತಾ ಮಾವನಿಗೆ ಸ್ಟಾಪುಗಳ ಹೆಸರು ಹೋಯಿತು. ಹೆಸರು ಹೋದರೂ ಆನಂದ ಹೋಗಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹಲಸೂರು ಪ್ರತಿ ಶನಿವಾರ ಅವರಿಗೆ ಹೊಚ್ಚ ಹೊಸ ಊರಾಗುತ್ತಿತ್ತು. "ಇಲ್ಲೊಂದು ಕೆರೆ ಇದೆ ನೋಡು" ಅಂತ ನನಗೆ ತೋರಿಸುವರು. ನಾನೂ ಮೊದಲ ಸಲ ನೋಡಿದವಳ ಹಾಗೆ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ನಾಟಕವಾಡಬೇಕಾಗಿ ಬರುತ್ತಿರಲಿಲ್ಲ.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಮಾವ ಮನೆಯಲ್ಲೇ, ನಿದ್ದೆಯಲ್ಲೇ ಹೋದರು. ಬಂದವರೆಲ್ಲ ಪುಣ್ಯವಂತರು ಅಂದರು. ಶನಿವಾರ ಬಂದರೆ ನನಗೆ ಈಗಲೂ ಕೈಕಾಲು ಆಡುವುದಿಲ್ಲ. ಒಮ್ಮೊಮ್ಮೆ ಒಬ್ಬಳೇ ಹೋಗಿ ಬಸ್ಸು ಹತ್ತುತ್ತೇನೆ. ಗದಗಿನ ಹುಡುಗಿಯೊಬ್ಬಳು ಈ ಊರನ್ನು ನಮ್ಮೂರು ಎನ್ನುವುದಿದ್ದರೆ ಅದು ಅವರು ಕೊಟ್ಟದ್ದು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ನಮ್ಮ ಕೊನೆಯ ಶನಿವಾರದ ಬಸ್ಸಿನಲ್ಲಿ ಅವರು ನನ್ನನ್ನು ಗುರುತಿಸಲಿಲ್ಲ. ಅಪರಿಚಿತ ಹೆಂಗಸಿನ ಪಕ್ಕ ಕೂತವರ ಹಾಗೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, ಬಹುವಚನದಲ್ಲಿ ಮಾತಾಡಿಸಿದರು.

"ನೀವೆಲ್ಲಿ ಇಳೀತೀರಾ?"

"ನೀವು ಇಳಿಯೂ ಕಡೇನ."

"ಒಳ್ಳೇದಾಯ್ತು." ಗುಟ್ಟು ಹೇಳುವವರ ಹಾಗೆ ನನ್ನ ಕಡೆ ವಾಲಿದರು. "ಮನೇಲಿ ನನ್ನ ಬಸ್ಸು ಹತ್ತೋಕೆ ಬಿಡ್ತಿರ್ಲಿಲ್ಲ ಕಣ್ರೀ. ನಂಗೊಬ್ಳು ಸೊಸೆ ಇದಾಳೆ, ಬಾಯಿ ಜೋರು. ಹೋಗ್ಲಿ ಬಿಡಿ ಅಂತ ಜಗಳ ಮಾಡಿದ್ಲು ನನ್ನ ಪರವಾಗಿ. ಅವಳಿಗೆ ಒಂದು ಮಾತು ಹೇಳ್ಬೇಕು ಅಂತ ಇದೀನಿ, ಮನೆಗೆ ಹೋಗೋಷ್ಟರಲ್ಲಿ ಮರ್ತೇಹೋಗುತ್ತೆ."

"ನನಗ ಹೇಳ್ರಿ" ಅಂದೆ. "ನಾ ಮುಟ್ಟಿಸ್ತೀನಿ."